ನಾಲಬಂದ ಕಾಸಿಮಸಾಬ ಹಗ್ಗ ಮುಟ್ಟಿದ ದಿನ

ಸಿಮೆಂಟಿನ ಎತ್ತು ಮೂರು ಕಾಲಿನ ಮೇಲೆ ನಿಂತಿತ್ತು. ನಾಲ್ಕನೆಯ ಕಾಲು ಸಿಮೆಂಟಿನ ಮನುಷ್ಯನ ತೊಡೆಯ ಮೇಲಿತ್ತು. ಮನುಷ್ಯನ ಬಲಗೈಯಲ್ಲಿ ಸುತ್ತಿಗೆ, ತಲೆಗೆ ಹಸಿರು ರುಮಾಲು, ಕೆಲಸದ ಹೊತ್ತಿನಲ್ಲಿ ಯಾವ ಕೆಲಸಗಾರನ ಮುಖದಲ್ಲೂ ಕಾಣದಂಥ ನಗೆ. ಕೆಳಗಿನ ಫಲಕದ ಮೇಲೆ ‘ಎತ್ತಿಗೆ ನಾಲ ಬಡಿಯುವ ನಾಲಬಂದ’ ಎಂದು ಬರೆದಿತ್ತು.

ಕಾಸಿಮಸಾಬ ಅದಕ್ಕೆ ಎರಡು ಸುತ್ತು ಹಾಕಿ ನೋಡಿದ. ಅವನಿಗೆ ಅರವತ್ತೆಂಟು ವರ್ಷ. ಅದರಲ್ಲಿ ನಲವತ್ತು ವರ್ಷ ಹುಬ್ಬಳ್ಳಿಯ ಹತ್ತಿ ಮಾರುಕಟ್ಟೆಗೆ ಬರುವ ಚಕ್ಕಡಿ ಎತ್ತುಗಳಿಗೆ ನಾಲ, ಅಂದರೆ ಕಬ್ಬಿಣದ ಲಾಳ, ಬಡಿದವನು. ಅವನನ್ನು ಅಲ್ಲಿಗೆ ಕರೆತಂದಿದ್ದ ಹತ್ತಿರದ ಸುಳ್ಳ ಎಂಬ ಹಳ್ಳಿಯ ರೈತ ಫಕೀರಪ್ಪ ಪಕ್ಕದಲ್ಲಿ ನಿಂತು ಗೆಳೆಯನ ಮುಖವನ್ನೇ ನೋಡುತ್ತಿದ್ದ.

“ಯಾಕ, ನಿಮ್ಮಪ್ಪನ ಹಂಗ ಕಾಣತಾನೇನು?” ಎಂದು ಕೇಳಿದ.

“ನಮ್ಮಪ್ಪ ಹಿಂಗ ಕುಂತಿದ್ರ ನಾ ಹುಟ್ಟತಿದ್ದಿಲ್ಲ. ಮೊದಲನೇ ಒದಿಕಿಗೇ ಹೋಗಿರತಿದ್ದ.”

ಕುದುರೆ ಮೂರು ಕಾಲಿನ ಮೇಲೆ ನಿಂತು ನಾಲ್ಕನೆಯದನ್ನು ಮನುಷ್ಯನಿಗೆ ಒಪ್ಪಿಸುತ್ತದೆ. ಎತ್ತು ಒಪ್ಪಿಸುವುದಿಲ್ಲ. ಕಾಲೆತ್ತಿದರೆ ಅಡ್ಡಡ್ಡ ಒದೆಯುತ್ತದೆ. ಅದರ ಗೊರಸೂ ಸೀಳಿದ್ದು, ಗೋಡೆ ತೆಳುವು. ಮೊಳೆ ಕೂದಲೆಳೆಯಷ್ಟು ಒಳಗೆ ಹೋದರೂ ಹಸಿ ಮಾಂಸಕ್ಕೆ ತಾಗಿ ಎತ್ತು ಕುಂಟಾಗುತ್ತದೆ. ಆದ್ದರಿಂದ ಎತ್ತನ್ನು ಮೆತ್ತನೆಯ ನೆಲದ ಮೇಲೆ ಹಗ್ಗದಿಂದ ಕೆಡವಿ, ನಾಲ್ಕೂ ಕಾಲು ಕೂಡಿಸಿ ಕಟ್ಟಿ, ಗೊರಸು ಮೇಲೆ ಮಾಡಿಕೊಂಡು ನಾಲ ಬಡಿಯಬೇಕು. ಮೂರ್ತಿ ಮಾಡಿದವನು ಎಲ್ಲಿಯೋ ಕುದುರೆಯ ಚಿತ್ರ ನೋಡಿ, ತಲೆಗೆ ಎರಡು ಕೋಡು ಹಚ್ಚಿದ್ದ.

‘ನೆಲಸೊಗಡು’ ಎಂಬ ಆ ಕಲಾಗ್ರಾಮ ಸುಳ್ಳದ ರಸ್ತೆಯಲ್ಲಿ, ಹುಬ್ಬಳ್ಳಿ ಮುಗಿದು ಹೊಲ ಶುರುವಾಗುವ ಕಡೆ, ತೆರೆದು ಒಂದು ವರ್ಷವಾಗಿತ್ತು. ಬೆಳಿಗ್ಗೆ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ನೋಡಿ, ಸಂಜೆ ನೃಪತುಂಗ ಬೆಟ್ಟ ಹತ್ತುವವರೆಗೆ ಎಲ್ಲಿರಬೇಕೆಂದು ತಿಳಿಯದ ಪ್ರವಾಸಿಗಳು ಅಲ್ಲಿಗೆ ಬರುತ್ತಿದ್ದರು. ರಜೆಯ ದಿನ ವಿದ್ಯಾನಗರ, ಕೇಶ್ವಾಪುರದ ಸಂಸಾರಗಳೂ ಮಕ್ಕಳಿಗೆ ಹಳ್ಳಿ ತೋರಿಸಲು ಬರುತ್ತಿದ್ದವು. ನಿಜವಾದ ಹಳ್ಳಿ ಅಲ್ಲಿಂದ ಕೆಲವೇ ಮೈಲಿ ಮುಂದಿತ್ತು, ಆದರೆ ಅಲ್ಲಿ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಕಲಾಗ್ರಾಮದಲ್ಲಿ ಕುಂಬಾರ, ಗಾಣಿಗ, ಕಂಬಳಿ ನೇಯುವವನು, ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸು, ಎಲ್ಲರೂ ಸಿಮೆಂಟಿನವರು. ಜೀವ ಇದ್ದವರೆಂದರೆ ಕಸೂತಿ ಹಾಕಿ ತೋರಿಸುವ ಇಬ್ಬರು ಹೆಂಗಸರು, ರೊಟ್ಟಿ ಬಡಿಯುವವರು, ಭಾನುವಾರಕ್ಕೊಮ್ಮೆ ಬರುವ ಗೀಗೀ ಪದದ ಮೇಳ ಮತ್ತು ಫಕೀರಪ್ಪನ ಜೋಡಿ ಎತ್ತು.

ಫಕೀರಪ್ಪನ ಮಕ್ಕಳು ಟ್ರ್ಯಾಕ್ಟರಿನಿಂದ ಹೊಲ ಮಾಡುತ್ತಿದ್ದರು. ಎತ್ತು ಮಾರೋಣವೆಂದರೆ ಅವನು ಒಪ್ಪಲಿಲ್ಲ. ಕೊನೆಗೆ ಎತ್ತುಗಳನ್ನೂ ಚಕ್ಕಡಿಯನ್ನೂ ಕಲಾಗ್ರಾಮಕ್ಕೆ ತಂದು, ಬಂದವರನ್ನು ಕೂರಿಸಿಕೊಂಡು ಆವರಣಕ್ಕೆ ಸುತ್ತು ಹಾಕಿಸುವ ಕೆಲಸ ಹಿಡಿದ. ಆವರಣದ ದಾರಿಗೆ ಸಿಮೆಂಟ್ ಬಿಲ್ಲೆ ಹಾಸಿದ್ದರು. ಎರೆ ಮಣ್ಣಿನಲ್ಲಿ ನಡೆದು ರೂಢಿಯಾದ ಗೊರಸು ಐದು ತಿಂಗಳಲ್ಲಿ ಸವೆದುಹೋಯಿತು. ಗುಂಡ್ಯಾ ಎಂಬ ಬಲಗಡೆಯ ಎತ್ತು ಕಾಲು ಊರುವಾಗ ಅಂಜತೊಡಗಿತು. ಆಗ ಫಕೀರಪ್ಪ ಹಳೇ ಹುಬ್ಬಳ್ಳಿಗೆ ಹೋಗಿ ಕಾಸಿಮಸಾಬನನ್ನು ಹುಡುಕಿದ.

ಕಾಸಿಮಸಾಬ ಸಿಕ್ಕಿದ್ದು ಮಗ ಇಕ್ಬಾಲನ ಪಂಕ್ಚರ್ ಅಂಗಡಿಯಲ್ಲಿ. ಲಾರಿ, ಟೆಂಪೊ ಹೆಚ್ಚಿದಂತೆ ಚಕ್ಕಡಿ ನಿಂತವು. ಚಕ್ಕಡಿ ನಿಂತ ಮೇಲೆ ನಾಲಬಂದನಿಗೆ ಏನು ಕೆಲಸ? ಒಂದು ಕಾಲಕ್ಕೆ ಸಂತೆಯ ದಿನ ಹದಿನೈದು ಜೋಡಿಗೆ ನಾಲ ಬಡಿದ ಮನುಷ್ಯ, ಹತ್ತು ಹದಿನೈದು ವರ್ಷದಿಂದ ಮಗನ ಅಂಗಡಿಯ ಮುಂದೆ ಕುಳಿತು ಟೈರಿನಿಂದ ಮೊಳೆ ಕೀಳುತ್ತಿದ್ದ. ಇದಕ್ಕಾಗಿ ಅವನು ಯಾರ ಮೇಲೂ ಸಿಟ್ಟಾಗಿರಲಿಲ್ಲ. ಆದರೆ ಸುತ್ತಿಗೆ, ಇಕ್ಕಳ, ಅರ, ಗೊರಸು ಕೆತ್ತುವ ಉಳಿ ಇದ್ದ ಚರ್ಮದ ಚೀಲವನ್ನು ಗುಜರಿಗೆ ಹಾಕಲು ಬಿಟ್ಟಿರಲಿಲ್ಲ. ವರ್ಷಕ್ಕೆರಡು ಸಲ ಅದಕ್ಕೆ ಎಣ್ಣೆ ಹಚ್ಚುತ್ತಿದ್ದ. ಹೆಂಡತಿ ಶಮೀಮ ಅದನ್ನು ನೋಡಿ, ಸತ್ತವರಿಗೆ ಇಷ್ಟು ಸೇವೆ ಯಾರೂ ಮಾಡುವುದಿಲ್ಲ ಎನ್ನುತ್ತಿದ್ದಳು.

ಚೀಲದ ಜೊತೆ ತಂದೆ ಅವನಿಗೆ ಒಂದು ಕಟ್ಟಳೆಯನ್ನೂ ಬಿಟ್ಟುಹೋಗಿದ್ದ. ಎತ್ತು ಕೆಡವುವ ಹಗ್ಗವನ್ನು ನಾಲಬಂದ ಮುಟ್ಟಬಾರದು. ಹಗ್ಗ ಎಳೆಯಬೇಕಾದವನು ಎತ್ತಿನ ಯಜಮಾನ. ಎತ್ತು ನೆಲಕ್ಕೆ ಬಿದ್ದು, ಯಜಮಾನ ಅದರ ತಲೆಯ ಹತ್ತಿರ ಕುಳಿತು, ತನ್ನ ರುಮಾಲಿನಿಂದ ಅದರ ಕಣ್ಣು ಮುಚ್ಚಿ, ‘ಹೂಂ’ ಎಂದ ಮೇಲೆಯೇ ನಾಲಬಂದ ಎದ್ದು ಬರಬೇಕು. ಅಲ್ಲಿಯವರೆಗೆ ಕೈ ಮೊಳಕಾಲ ಮೇಲೆ. ಯಜಮಾನ ತಾನು ಬಾರದೆ ಆಳಿನ ಕೈಯಲ್ಲಿ ಎತ್ತು ಕಳಿಸಿದರೆ ತಂದೆ ವಾಪಸ್ಸು ಕಳಿಸುತ್ತಿದ್ದ. ಎದುರಿಗೆ ಬಂದ ದುಡಿಮೆ ಹೋದರೂ ಚಿಂತೆಯಿರಲಿಲ್ಲ. ಬೀಳುವಾಗ ಕೋಡು ಮುರಿದರೆ, ಪಕ್ಕೆಲುಬು ಉಳುಕಿದರೆ ಜಗಳ ಬರಬಾರದೆಂದು ಈ ಕಟ್ಟಳೆ ಎಂದು ಕಾಸಿಮಸಾಬ ತಿಳಿದಿದ್ದ. ಹೆಚ್ಚು ಕೇಳಿರಲೂ ಇಲ್ಲ. ನಲವತ್ತು ವರ್ಷ ಪಾಲಿಸಿದ್ದ.

ಆ ದಿನ ಕಲಾಗ್ರಾಮದ ಹಿಂದಿನ ದನದ ಕೊಟ್ಟಿಗೆಯ ಬಳಿ ಫಕೀರಪ್ಪ ಹಗ್ಗ ಎಳೆದ, ಕಾಸಿಮಸಾಬ ಎರಡೂ ಎತ್ತುಗಳಿಗೆ ನಾಲ ಬಡಿದ. ಕಾಲಿಗೆ ಎರಡರಂತೆ ಎಂಟೆಂಟು. ಮೊದಲಿನ ನಾಲ್ಕು ಮೊಳೆ ನಿಧಾನವಾಗಿ ಹೋದವು, ಆಮೇಲೆ ಹಳೆಯ ವೇಗ ಬಂತು. ಕಲಾಗ್ರಾಮದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಸ್ನೇಹಲ್ ಯಾವಾಗಲೋ ಬಂದು ಗೋಡೆಗೆ ಒರಗಿ ನಿಂತಿದ್ದಳು. ಧಾರವಾಡದಲ್ಲಿ ಓದಿದ, ಮೂವತ್ತು ದಾಟದ ಹುಡುಗಿ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಸೌಮ್ಯ. ಇಡೀ ಆವರಣದಲ್ಲಿ ಇಷ್ಟು ಖರೆಯಾದದ್ದು ತಾನು ನೋಡಿಲ್ಲವೆಂದೂ, ಇದನ್ನು ಹಿಂದೆ ಮಾಡುವುದೇಕೆಂದೂ, ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಬಂದವರ ಮುಂದೆ ಮಾಡಿ ತೋರಿಸಬೇಕೆಂದೂ ಹೇಳಿದಳು.

ವಾರಕ್ಕೊಮ್ಮೆ ನಾಲ ಕಿತ್ತು ಬಡಿದರೆ ಗೊರಸು ಜರಡಿಯಾಗುತ್ತದೆ ಎಂದು ಕಾಸಿಮಸಾಬ ತಿಳಿಸಿದ. ಕುಳಿತು ಲೆಕ್ಕ ಹಾಕಿದ ಮೇಲೆ ದಾರಿ ಸಿಕ್ಕಿತು. ಎರಡು ಎತ್ತಿಗೆ ಎಂಟು ಕಾಲು. ಭಾನುವಾರಕ್ಕೆ ಒಂದು ಕಾಲಿನಂತೆ ನಾಲ ಬದಲಿಸಿದರೆ ಒಂದೊಂದು ಕಾಲಿನ ಸರದಿ ಎರಡು ತಿಂಗಳಿಗೊಮ್ಮೆ ಬರುತ್ತದೆ. ನಾಲ ಸವೆಯಲು ಹೇಗೂ ಅಷ್ಟು ದಿನ ಬೇಕು. ಒಪ್ಪಿದ. ಆ ಸಿಮೆಂಟಿನ ಎತ್ತನ್ನು ಮಲಗಿಸಲು ಆಗುತ್ತದೆಯೇ ಎಂದೂ ಕೇಳಿದ. ಮೂರ್ತಿಕಾರ ಊರು ಬಿಟ್ಟು ಹೋಗಿದ್ದಾನೆ, ಸಿಮೆಂಟು ಗಟ್ಟಿಯಾಗಿದೆ ಎಂದು ಸ್ನೇಹಲ್ ನಕ್ಕಳು.

ಮೊದಲ ಎರಡು ಭಾನುವಾರ ಎಲ್ಲ ಸರಿಯಾಗಿ ನಡೆಯಿತು. ಗುಂಡ್ಯಾನಿಗೆ ಹಿಂದಿನ ರಾತ್ರಿಯಿಂದ ಮೇವು ನೀರು ನಿಲ್ಲಿಸಿರುತ್ತಿದ್ದರು. ತುಂಬಿದ ಹೊಟ್ಟೆಯ ಎತ್ತನ್ನು ಕೆಡವಿದರೆ ಹೊಟ್ಟೆ ಉಬ್ಬರಿಸಿ ಅಪಾಯ. ಫಕೀರಪ್ಪ ಹಗ್ಗ ಸುತ್ತುವಾಗ ಎತ್ತಿನೊಂದಿಗೆ ಮಾತಾಡುತ್ತ, ಬೈಯುತ್ತ, ಅದರ ಕೊರಳ ಕೆಳಗೆ ಜೋತ ಗಂಗೆದೊಗಲು ಸವರುತ್ತ ನಿಧಾನವಾಗಿ ಮಲಗಿಸುತ್ತಿದ್ದ. ಮಕ್ಕಳು ನಗುತ್ತಿದ್ದರು. ಯಾರೂ ಗಾಬರಿಯಾಗಲಿಲ್ಲ. ಕಾಸಿಮಸಾಬ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಶಮೀಮಳಿಗೆ ಅದನ್ನು ಕಂಡು ನಗು. ಎತ್ತಿನ ಕಾಲ ಬಳಿ ಕೂಡುವವನಿಗೆ ಇಸ್ತ್ರಿ ಏಕೆ ಎಂದು ಕೇಳಿದ್ದಳು. ಆದರೆ ಇಸ್ತ್ರಿ ಮಾಡಿದವಳೂ ಅವಳೇ.

ಮೂರನೆಯ ಭಾನುವಾರ ಎರಡು ಬಸ್ಸು ಒಟ್ಟಿಗೆ ಬಂದವು. ಗುಂಡ್ಯಾ ನಾಲಕ್ಕೆ ನಿಂತಿದ್ದರಿಂದ ಬಂದವರನ್ನು ಸುತ್ತಿಸಲು ಬೇರೆಯವರ ಜೋಡಿ ತರಿಸಿದ್ದರು. ಅದರ ಚಕ್ಕಡಿಯವನು ಕೈಕೊಟ್ಟದ್ದರಿಂದ ಅದನ್ನು ಹೊಡೆಯಲು ಫಕೀರಪ್ಪನೇ ಹೋಗಬೇಕಾಯಿತು. ಹನ್ನೊಂದು ಕಳೆದು ಇಪ್ಪತ್ತು ನಿಮಿಷವಾದರೂ ಅವನು ಬರಲಿಲ್ಲ. ಐವತ್ತು ಜನ ಬಿಸಿಲಲ್ಲಿ ನಿಂತಿದ್ದರು. ಸ್ನೇಹಲ್ ಗಡಿಯಾರ ನೋಡಿಕೊಂಡು, ಶುರು ಮಾಡಬಹುದೇ ಕಾಕಾ ಎಂದು ಎರಡು ಸಲ ಕೇಳಿದಳು. ಹೆಂಗಸೊಬ್ಬಳು, ಮುದುಕನಿಂದ ಆಗುವುದಿಲ್ಲವೇನೋ ಎಂದು ಪಕ್ಕದವಳಿಗೆ ಹೇಳಿದ್ದು ಕಾಸಿಮಸಾಬನ ಕಿವಿಗೆ ಬಿತ್ತು. ಬಹಳ ವರ್ಷಗಳ ಮೇಲೆ ಐವತ್ತು ಜನ ಅವನ ಕೈಯನ್ನು ನೋಡಲು ಕಾದಿದ್ದರು. ಅವನು ಎದ್ದು ಹಗ್ಗ ಹಿಡಿದ.

ಸುತ್ತುವ ರೀತಿ ಅವನಿಗೆ ಗೊತ್ತಿತ್ತು. ಸಾವಿರ ಸಲ ನೋಡಿದ್ದ. ಎಂದೂ ಎಳೆದಿರಲಿಲ್ಲ. ಗುಂಡ್ಯಾನಿಗೆ ಯಜಮಾನನ ಕೈ ಗೊತ್ತು, ಇವನದು ಗೊತ್ತಿಲ್ಲ. ಅದು ಹಟ ಹಿಡಿಯಿತು. ಅವನು ಜೋರಾಗಿ ಎಳೆದ. ಎತ್ತು ಒಮ್ಮೆಲೆ ಬಿದ್ದು, ಧೂಳೆದ್ದು, ದೊಡ್ಡ ದನಿಯಲ್ಲಿ ಕೂಗಿತು. ಮಗುವೊಂದು ಅಳತೊಡಗಿತು. ಯಾರೋ ಬಿಡಿರಿ ಬಿಡಿರಿ ಎಂದರು. ಅಷ್ಟರಲ್ಲಿ ಫಕೀರಪ್ಪ ಓಡಿ ಬಂದು ಎತ್ತಿನ ತಲೆಯ ಬಳಿ ಕುಳಿತ. ಗುಂಡ್ಯಾನಿಗೆ ಏನೂ ಆಗಿರಲಿಲ್ಲ. ನಾಲವೂ ಚೆನ್ನಾಗಿ ಬಿತ್ತು. ಆದರೆ ಅಷ್ಟು ಹೊತ್ತಿಗೆ ಅರ್ಧ ಜನ ಹೋಗಿದ್ದರು.

ಹೋದವರಲ್ಲಿ ಒಬ್ಬರ ಫೋನಿನಲ್ಲಿ ಇಪ್ಪತ್ತು ಸೆಕೆಂಡಿನ ಚಿತ್ರವಿತ್ತು. ಸಂಜೆ ಇಕ್ಬಾಲ ಅದನ್ನು ತಂದೆಗೆ ತೋರಿಸಿದ. ಗಡ್ಡದ ಮುದುಕ, ಹಗ್ಗ, ನೆಲಕ್ಕೆ ಬಿದ್ದು ಕೂಗುವ ಎತ್ತು. ಫಕೀರಪ್ಪ ಅದರಲ್ಲಿ ಇರಲಿಲ್ಲ. ಸುತ್ತಿಗೆ ಇನ್ನೂ ಚೀಲದಿಂದ ಹೊರಬಂದಿರಲಿಲ್ಲ. ಮೇಲೆ ಯಾರೋ ಒಂದೇ ಸಾಲು ಬರೆದಿದ್ದರು: ‘ಇಲ್ಲಿ ಏನು ನಡೆಯುತ್ತಿದೆ?’ ಕೆಳಗೆ ನೂರಾರು ಜನ ತಮಗೆ ತಿಳಿದ ಉತ್ತರ ಬರೆದಿದ್ದರು. ಮನೆಯಲ್ಲಿ ಯಾರೂ ಅದನ್ನು ಗಟ್ಟಿಯಾಗಿ ಓದಲಿಲ್ಲ. ಶಮೀಮ ಚರ್ಮದ ಚೀಲವನ್ನು ಎತ್ತಿ ಮಂಚದ ಕೆಳಗೆ ಗೋಡೆಯವರೆಗೆ ನೂಕಿದಳು.

ಸೋಮವಾರ ಕೆಲವರು ಕಲಾಗ್ರಾಮದ ಬಾಗಿಲಿಗೆ ಬಂದು ಕೇಳಿಹೋದರು. ಸ್ನೇಹಲ್ ಅವರಿಗೆ ನಾಲ ತೋರಿಸಿದಳು, ಎತ್ತು ತೋರಿಸಿದಳು, ಚಹಾ ಕುಡಿಸಿದಳು. ಪೊಲೀಸ್ ಪೇದೆಯೊಬ್ಬ ಬಂದು ಕಾಸಿಮಸಾಬನ ಹೆಸರು ಬರೆದುಕೊಂಡ. ಅಷ್ಟಕ್ಕೇ ಮುಗಿಯಿತು. ಆದರೂ ಇಕ್ಬಾಲ ಎಂಟು ದಿನ ಅಂಗಡಿಯನ್ನು ಹೊತ್ತು ಮುಳುಗುವ ಮೊದಲೇ ಮುಚ್ಚಿದ.

ತಂದೆಯ ಕಟ್ಟಳೆ ಕೋಡು ಪಕ್ಕೆಲುಬಿನ ಜಗಳಕ್ಕಾಗಿ ಮಾತ್ರ ಇದ್ದುದಲ್ಲ ಎಂಬುದು ಕಾಸಿಮಸಾಬನಿಗೆ ಆ ಎಂಟು ದಿನಗಳಲ್ಲಿ ತಿಳಿಯಿತು. ರೈತನ ಎತ್ತನ್ನು ರೈತನೇ ಕೆಡವಬೇಕು. ಅದನ್ನು ನಾಲ್ಕು ಜನ ಕಾಣಬೇಕು. ತಂದೆ ಇದನ್ನು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ್ದರೆ ಮಗ ಭಯ ಕಲಿಯುತ್ತಿದ್ದ, ಕೆಲಸ ಕಲಿಯುತ್ತಿರಲಿಲ್ಲ. ಕಟ್ಟಳೆಯಷ್ಟೇ ಕೊಟ್ಟಿದ್ದ. ತಾನು ಒಬ್ಬ ಹೆಂಗಸಿನ ಮಾತಿಗೆ ಅದನ್ನು ಮುರಿದೆನಲ್ಲ ಎಂದು ಅವನು ಯಾರಿಗೂ ಹೇಳಿಕೊಳ್ಳಲಿಲ್ಲ.

ಸ್ನೇಹಲ್ ಮನೆಗೇ ಬಂದಳು. ಕಲಾಗ್ರಾಮದ ಮಾಲಕರು ಈ ಪ್ರದರ್ಶನವನ್ನೇ ನಿಲ್ಲಿಸೆಂದಿದ್ದರಂತೆ. ಅವಳು ಬೇಡಿಕೊಂಡು ಒಂದು ದಾರಿ ಹುಡುಕಿದ್ದಳು. ಎತ್ತು ಕೆಡವುವುದು ಬೇಡ. ಮೂರ್ತಿಯಲ್ಲಿ ಇರುವಂತೆಯೇ ಗುಂಡ್ಯಾನನ್ನು ನಿಲ್ಲಿಸಿ, ಮುಂಗಾಲನ್ನು ಕಟ್ಟಿಗೆಯ ಮಣೆಯ ಮೇಲಿಡಿಸಿ, ಸುತ್ತಿಗೆಯಿಂದ ನಾಲದ ಮೇಲೆ ಸುಮ್ಮನೆ ತಟ್ಟಿದರೆ ಸಾಕು. ಖರೆಯಾಗಿ ನಾಲ ಬಡಿಯುವುದನ್ನು ಸೋಮವಾರ, ರಜೆಯ ದಿನ, ಕೊಟ್ಟಿಗೆಯ ಹಿಂದೆ ಮಾಡಿಕೊಳ್ಳಬಹುದು.

“ನಿಮ್ಮ ಕೆಲಸ ತಪ್ಪು ಅಂತ ನಾ ಹೇಳ್ಲಿಕತ್ತಿಲ್ಲ ಕಾಕಾ. ನೋಡವರಿಗೆ ಹಂಗ ಕಾಣ್ತದ, ಅಷ್ಟ.”

“ನೋಡವರಿಗೆ ಕಾಣೂ ಹಂಗ ಬಡದ್ರ ಎತ್ತು ಕುಂಟಾಗತೈತ್ರಿ ಮೇಡಂರ.”

“ಬಡೀಬ್ಯಾಡ್ರಿ ಅಂತನ ಹೇಳ್ಲಿಕತ್ತೇನಿ.”

ಶಮೀಮ ಒಳಗಿನಿಂದ, ಹೋಗುವುದೇ ಬೇಡ ಎಂದಳು. ಕಾಸಿಮಸಾಬ ಆಗಲಿ ಎಂದ. ಪಂಕ್ಚರ್ ಅಂಗಡಿಯ ಮುಂದಿನ ಸ್ಟೂಲಿಗಿಂತ ಅದು ಮೇಲು ಎನಿಸಿತೋ, ಹುಡುಗಿ ಇಷ್ಟು ದೂರ ಬಂದಳೆಂದು ಅನಿಸಿತೋ, ಅವನೂ ವಿಚಾರಿಸಲಿಲ್ಲ.

ಹೀಗೆ ಸುಳ್ಳು ಕೆಲಸ ಐವತ್ತು ಜನರ ಮುಂದೆ, ಖರೆ ಕೆಲಸ ಕೊಟ್ಟಿಗೆಯ ಹಿಂದೆ ಕದ್ದು ನಡೆಯಿತು. ಗುಂಡ್ಯಾ ಮಣೆಯ ಮೇಲೆ ಕಾಲಿಡುವುದನ್ನು ಎರಡು ದಿನದಲ್ಲಿ ಕಲಿಯಿತು. ಬೆಲ್ಲ ಕೊಟ್ಟರೆ ಅದು ಏನನ್ನಾದರೂ ಕಲಿಯುತ್ತಿತ್ತು. ಸ್ನೇಹಲ್ ಕಾಸಿಮಸಾಬನಿಗೂ ಹಸಿರು ರುಮಾಲು ಕೊಟ್ಟಳು. ಜನ ಅವನ ಪಕ್ಕ ನಿಂತು, ಆಮೇಲೆ ಮೂರ್ತಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಯಾರೂ ದೂರಲಿಲ್ಲ.

ಎರಡನೆಯ ವಾರ ಹೆಬ್ಬಳ್ಳಿಯ ಸ್ವಸಹಾಯ ಸಂಘದ ಹೆಂಗಸರು ಬಂದರು. ಅವರಿಗೆ ಬೀಸುವ ಕಲ್ಲು, ಗಾಣ ನೋಡುವ ಉತ್ಸಾಹ ಇರಲಿಲ್ಲ. ಅವನ್ನೆಲ್ಲ ಸಾಕುಬೇಕಾಗುವಷ್ಟು ಕಂಡವರು. ಊಟ ಯಾವಾಗ ಎಂದು ಕೇಳುತ್ತಿದ್ದರು. ಶಿವಬಸವ್ವ ಎಂಬ ಎಪ್ಪತ್ತರ ಸಮೀಪದ ಹೆಂಗಸು ಮಾತ್ರ ಗುಂಡ್ಯಾನ ಮುಂದೆ ಬಂದು ನಿಂತಳು. ಸೊಂಟಕ್ಕೆ ಕೈಕೊಟ್ಟು, ಮಣೆಯ ಮೇಲಿನ ಕಾಲನ್ನೂ ಕಾಸಿಮಸಾಬನ ಸುತ್ತಿಗೆಯನ್ನೂ ಬಹಳ ಹೊತ್ತು ನೋಡಿದಳು.

“ಯಪ್ಪಾ, ನೀ ಖರೇನ ನಾಲಬಂದನೋ, ಇಲ್ಲಾ ಇವರು ವೇಷಾ ಹಾಕಿ ಕುಂದ್ರಿಸ್ಯಾರೋ?”

ಕಾಸಿಮಸಾಬ ಸುತ್ತಿಗೆ ಕೆಳಗಿಟ್ಟ. “ಇವ್ರು ಕುಂದ್ರಿಸ್ಯಾರವ್ವಾ” ಎಂದ.

“ಹಂಗನ್ನು ಮತ್ತ. ಖರೇ ನಾಲಬಂದ ನಿಂತ ಎತ್ತಿನ ಮುಂದ ಸುತ್ತಗಿ ಹಿಡೀತಿದ್ದಿಲ್ಲ ಬಿಡು. ನಮ್ಮ ಮನಿ ಎತ್ತಿಗೆ ಹುಬ್ಬಳ್ಳ್ಯಾಗ ಒಬ್ಬಾಂವ ಬಡೀತಿದ್ದ, ಹತ್ತಿ ಮಾರ್ಕೆಟ್ನ್ಯಾಗ. ಎಷ್ಟ ಹಗೂರ ಕೈ ಅಂತೀ.”

ಅವಳು ಸಮಾಧಾನವಾಗಿ ಊಟಕ್ಕೆ ಹೋದಳು. ಹತ್ತಿ ಮಾರುಕಟ್ಟೆಯಲ್ಲಿ ನಾಲಬಂದರ ಎರಡು ಮನೆಗಳಿದ್ದವು. ಅವಳು ಹೇಳಿದ್ದು ತನ್ನನ್ನೋ, ತಂದೆಯನ್ನೋ, ಆಚೆಯ ಮನೆಯವರನ್ನೋ ಕಾಸಿಮಸಾಬನಿಗೆ ತಿಳಿಯಲಿಲ್ಲ. ಎದ್ದು ಹೋಗಿ ಕೇಳಬಹುದಿತ್ತು. ಆದರೆ ತಾನು ನಾಲಬಂದನಲ್ಲ ಎಂದು ಈಗಷ್ಟೇ ತನ್ನ ಬಾಯಿಂದಲೇ ಹೇಳಿದ್ದ.

ಮಧ್ಯಾಹ್ನ ಕೊಟ್ಟಿಗೆಯಲ್ಲಿ ಫಕೀರಪ್ಪ ಎತ್ತಿಗೆ ನೀರು ತೋರಿಸುತ್ತಿದ್ದ. ಕಾಸಿಮಸಾಬ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ, ನಾಳೆಯಿಂದ ಬರುವುದಿಲ್ಲ, ಬೇರೆ ನಾಲಬಂದನನ್ನು ನೋಡಿಕೋ ಎಂದ. ಬೇರೆ ನಾಲಬಂದ ಎಲ್ಲಿದ್ದಾನೆ ಎಂದು ಫಕೀರಪ್ಪ ನಕ್ಕ. ಇದೇನು ಹೊಸದೇ, ನೌಕರಿ ಎಂದ ಮೇಲೆ ಒಂದಿಷ್ಟು ನಾಟಕ ಇದ್ದದ್ದೇ, ತಾನೂ ಹಳದಿ ಪಟಕಾ ಸುತ್ತಿಕೊಂಡು ಗಾಡಿ ಹೊಡೆಯುತ್ತಿಲ್ಲವೇ ಎಂದ. ಮುದುಕಿಯ ಮಾತಿಗೆ ಇಷ್ಟು ಮುನಿಸೇಕೆ ಎಂದ.

ಕಾಸಿಮಸಾಬನಿಗೆ ಮುನಿಸು ಬಂದಿದ್ದು ಮುದುಕಿಯ ಮೇಲೆ ಅಲ್ಲ. ಮೂರು ವಾರದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಈಗ ಬಂತು.

“ನಾ ಹಗ್ಗ ಮುಟ್ಟಿದ್ದು ತಪ್ಪು. ಅದು ನಂದು, ನಾನ ಉಣತೇನಿ. ಆದ್ರ ಗೇಟಿಗೆ ಮಂದಿ ಬಂದಾಗ ನೀ ಎಲ್ಲಿದ್ದಿ? ಪೊಲೀಸ ನನ್ನ ಹೆಸರು ಬರಕೊಂಡಾಗ ನೀ ಎಲ್ಲಿದ್ದಿ? ಎತ್ತು ನಂದು ಅಂತ ಒಂದ ಮಾತು, ಒಂದ ಮಾತು ಅಂದಿಯೇನು?”

ಫಕೀರಪ್ಪ ಬಕೆಟ್ ಕೆಳಗಿಟ್ಟ. ಸೋಮವಾರ ಅವನು ಸುಳ್ಳದಲ್ಲಿದ್ದ. ಫೋನಿನಲ್ಲಿ ಎಲ್ಲ ನೋಡಿದ್ದ. ಈ ಗದ್ದಲದಲ್ಲಿ ಅಪ್ಪನ ಹೆಸರೇಕೆ ಎಂದು ಮಕ್ಕಳು ಹೇಳಿದ್ದರು. ಗಾಡಿಯ ಕೆಲಸ ಹೋದರೆ ಎತ್ತು ಮಾರಬೇಕಾದೀತು ಎಂದೂ ಹೇಳಿದ್ದರು. ಅವನಿಗೂ ಅದು ಖರೆ ಎನಿಸಿತ್ತು. ಅಡಗಿ ಕೂರಬೇಕೆಂದು ಅವನು ಕೂತಿರಲಿಲ್ಲ, ಬಂದಿರಲಿಲ್ಲ ಅಷ್ಟೆ. ಎಷ್ಟೋ ಜನ ಹೀಗೆಯೇ ಬಂದಿರುವುದಿಲ್ಲ. ಅವನು ಗುಂಡ್ಯಾನ ಬೆನ್ನಿನ ಮೇಲಿನ ಉಣ್ಣಿ ಕೀಳುತ್ತ ನಿಂತ. ಕಾಸಿಮಸಾಬ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋದ.

ಆ ವಾರ ಅವನು ಮಗನ ಅಂಗಡಿಯ ಮುಂದೆ ಕುಳಿತ. ಶಮೀಮಳಿಗೆ ಸಮಾಧಾನವಾಯಿತು. ಆದರೆ ಗಂಡ ಎರಡು ರೊಟ್ಟಿಗೇ ಕೈ ತೊಳೆಯುವುದನ್ನು ಕಂಡು ಶನಿವಾರದ ಹೊತ್ತಿಗೆ ಅವಳ ಸಮಾಧಾನವೂ ಕಡಿಮೆಯಾಗಿತ್ತು.

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಫಕೀರಪ್ಪ ಆಟೋ ಮಾಡಿಕೊಂಡು ಹಳೇ ಹುಬ್ಬಳ್ಳಿಗೆ ಬಂದ. ಮನೆಯೊಳಗೆ ಬರಲಿಲ್ಲ. ಗುಂಡ್ಯಾನಿಗೆ ನಿನ್ನೆ ಸಂಜೆಯಿಂದ ಮೇವು ಹಾಕಿಲ್ಲ, ಹಿಂದಿನ ಎಡಗಾಲಿನ ನಾಲ ಅಲುಗಾಡುತ್ತಿದೆ, ಹೊತ್ತಾದರೆ ಎತ್ತು ಹಸಿದು ಸಾಯುತ್ತದೆ ಎಂದು ಬಾಗಿಲಲ್ಲೇ ನಿಂತು ಹೇಳಿದ. ಕ್ಷಮೆ ಗಿಮೆ ಅವನ ಬಾಯಿಗೆ ಬರುವ ಮಾತಲ್ಲ. ಸೋಮವಾರ ಹಿಂದುಗಡೆ ಬಡಿಯೋಣ ಎಂದು ಕಾಸಿಮಸಾಬ ಅಂದ. “ಇವತ್ತು. ಮುಂದುಗಡೆ” ಎಂದ ಫಕೀರಪ್ಪ. ಶಮೀಮ ಗಂಡನನ್ನೂ ಅವನನ್ನೂ ನೋಡಿದಳು. ನಂತರ ಮಂಚದ ಕೆಳಗೆ ಬಗ್ಗಿ ಚೀಲ ಎಳೆದಳು. ತಾನೂ ಬರುತ್ತೇನೆ ಎಂದಳು. ಅವಳು ಈವರೆಗೆ ಕಲಾಗ್ರಾಮ ನೋಡಿರಲಿಲ್ಲ.

ಹನ್ನೊಂದಕ್ಕೆ ಫಕೀರಪ್ಪ ಗುಂಡ್ಯಾನನ್ನು ಹೊಡೆದುಕೊಂಡು ಮಣೆಯ ಹತ್ತಿರ ಹೋಗಲಿಲ್ಲ. ಅದರಾಚೆ ಮಣ್ಣಿನ ನೆಲಕ್ಕೆ ತಂದು, ಹೊಟ್ಟು ಹರವಿ ಅದರ ಮೇಲೆ ತನ್ನ ಮನೆಯ ಕಂಬಳಿ ಹಾಸಿದ. ಹಳದಿ ಪಟಕಾ ತೆಗೆದಿಟ್ಟು ದಿನದ ರುಮಾಲು ಸುತ್ತಿದ್ದ. ಸ್ನೇಹಲ್ ಓಡಿ ಬಂದಳು. ಹೀಗೆ ಮಾಡಿದರೆ ತನ್ನ ನೌಕರಿ ಹೋಗುತ್ತದೆ ಎಂದಳು, ಅದು ಸುಳ್ಳಾಗಿರಲಿಲ್ಲ. ಹೇಳದೆ ಕೇಳದೆ ಇದೇನು ಎಂದು ಕಾಸಿಮಸಾಬನತ್ತ ತಿರುಗಿದಳು. ಅವನು ಮೊಳಕಾಲ ಮೇಲೆ ಎರಡೂ ಕೈ ಇಟ್ಟುಕೊಂಡು ದೂರ ಕುಳಿತಿದ್ದ. ಎತ್ತಿನ ಯಜಮಾನನನ್ನು ಕೇಳಬೇಕು ಎಂದಷ್ಟೇ ಹೇಳಿದ.

ಜನ ಕೂಡಿದ್ದರು. ಬಾಗಲಕೋಟೆಯ ಕಡೆಯ ಕಾಲೇಜು ಹುಡುಗಿಯರು, ಬೆಳಗಾವಿಯ ಎರಡು ಸಂಸಾರ, ಬೆಂಗಳೂರಿನ ಕಾರಿನವರು. ಎಂಟು ಹತ್ತು ಫೋನು ಮೇಲೆದ್ದಿದ್ದವು. ಫಕೀರಪ್ಪ ಜೀವಮಾನದಲ್ಲಿ ಸಭೆಯ ಮುಂದೆ ಮಾತಾಡಿದವನಲ್ಲ. ಹಗ್ಗವನ್ನು ತೋಳಿಗೆ ಸುತ್ತಿಕೊಂಡು, ಫೋನುಗಳ ಕಡೆಗೆ ನೋಡಿ, ಹೊಲದಲ್ಲಿ ಆಚೆ ದಂಡೆಯವರನ್ನು ಕೂಗುವ ದನಿಯಲ್ಲಿ ಹೇಳಿದ:

“ಎಲ್ಲಾರೂ ಕೇಳ್ರಿ. ಎತ್ತು ನಂದು. ನಾ ಸುಳ್ಳದ ಫಕೀರಪ್ಪ. ಇದನ್ನ ಕೆಡವಾಂವ ನಾನು, ನಾಲ ಬಡಿಯಾಂವ ಅಂವ. ಚಪ್ಪಲಿಲ್ಲದ ನೀವು ಈ ಬಿಸಲಾಗ ನಡೀತೀರೇನು? ಇದೂ ನಡಿಯೂದಿಲ್ಲ. ನೋಡಾಕ ಆಗದಿದ್ದವ್ರು ಆ ಕಡೆ ಹೋಗಿ ರೊಟ್ಟಿ ತಿನ್ರಿ. ಫೋಟೋ ಹಿಡಿಯವ್ರು ಅರ್ಧಾ ಹಿಡಿಬ್ಯಾಡ್ರಿ, ಪೂರಾ ಹಿಡೀರಿ.”

ಒಂದು ಸಂಸಾರ ಹೋಯಿತು. ಉಳಿದವರು ನಿಂತರು. ಫಕೀರಪ್ಪ ಎತ್ತಿನ ಮೈಗೆ ಹಗ್ಗ ಸುತ್ತಿದ. ಅದಕ್ಕೆ ಅದರ ತಾಯಿಯ ಹೆಸರು ಹಿಡಿದು ಬೈದ, ಗಂಗೆದೊಗಲು ಸವರಿದ, ಎಳೆದ. ಗುಂಡ್ಯಾ ಒಂದು ಕ್ಷಣ ವಿಚಾರ ಮಾಡಿ, ವಯಸ್ಸಾದವರು ಚಾಪೆಯ ಮೇಲೆ ಕೂಡುವ ಹಾಗೆ ಮೊದಲು ಮುಂದೆ, ಆಮೇಲೆ ಹಿಂದೆ ಕುಸಿದು ಮಲಗಿತು. ಫಕೀರಪ್ಪ ಕಾಲು ಕಟ್ಟಿ, ತಲೆಯ ಬಳಿ ಕುಳಿತು, ರುಮಾಲು ಬಿಚ್ಚಿ ಅದರ ಕಣ್ಣಿಗೆ ಹಾಕಿದ. ಅವನ ಬೋಳುತಲೆಯನ್ನು ಕಂಡು ಹುಡುಗಿಯರು ನಕ್ಕರು.

“ಹೂಂ” ಎಂದ.

ಕಾಸಿಮಸಾಬ ಎದ್ದು ಬಂದ. ಹಳೆಯ ನಾಲ ಕಿತ್ತು, ಗೊರಸಿನ ಅಡಿಯನ್ನು ಉಳಿಯಿಂದ ಕೆತ್ತಿದ. ಚಿಪ್ಪು ಚಿಪ್ಪಾಗಿ ಬಿದ್ದದ್ದನ್ನು ಒಬ್ಬ ಹುಡುಗಿಯ ಕೈಗೆ ಕೊಟ್ಟು, ಇದು ನಿಮ್ಮ ಉಗುರಿನ ಹಾಗೆ, ನೋವಾಗುವುದಿಲ್ಲ ಎಂದ. ಮೊಳೆಯನ್ನು ಎಷ್ಟು ಓರೆಯಾಗಿ ಇಡಬೇಕು, ತುದಿ ಹೊರಗೆ ಎಲ್ಲಿ ಬರಬೇಕು, ಬಂದ ತುದಿಯನ್ನು ಹೇಗೆ ಮುರಿದು ಮಡಚಬೇಕು ಎಂದು ಬಡಿಯುತ್ತ ಬಡಿಯುತ್ತ ಹೇಳಿದ. ಅಷ್ಟು ಮಾತು ಅವನು ಆಡಿದ್ದನ್ನು ಶಮೀಮ ಮದುವೆಯಾದಂದಿನಿಂದ ಕೇಳಿರಲಿಲ್ಲ. ನಲವತ್ತು ವರ್ಷ ಅನ್ನ ಹಾಕಿದ ಕೆಲಸವನ್ನು ಅವಳು ಕಣ್ಣಿಂದ ನೋಡಿದ್ದೂ ಅದೇ ಮೊದಲು. ಮಾರುಕಟ್ಟೆಗೆ ಅವರ ಮನೆಯ ಹೆಂಗಸರು ಹೋಗುತ್ತಿರಲಿಲ್ಲ. ಇಷ್ಟು ಸಣ್ಣ ಮೊಳೆಯೇ ಎಂದು ಅವಳು ಪಕ್ಕದಲ್ಲಿದ್ದ ಸ್ನೇಹಲ್‌ಳನ್ನು ಕೇಳಿದಳು.

ಸ್ನೇಹಲ್‌ಳ ಗಮನ ಎತ್ತಿನ ಮೇಲಿತ್ತು. ಅವಳೂ ಫೋನು ಹಿಡಿದು, ಹಗ್ಗ ಸುತ್ತಿದಲ್ಲಿಂದ ಕೊನೆಯವರೆಗೆ ಚಿತ್ರ ತೆಗೆಯುತ್ತಿದ್ದಳು. ಅದನ್ನು ಆ ಸಂಜೆ ಮಾಲಕರಿಗೆ ತೋರಿಸಿದಳು. ಅವರು ಪೂರ್ತಿ ನೋಡಿದರು, ಬೈದರು, ಕೊನೆಗೆ ಯಜಮಾನ ಹಾಜರಿರದೆ ಎಂದೂ ನಡೆಯಬಾರದು ಎಂಬ ಷರತ್ತು ಹಾಕಿ ಒಪ್ಪಿದರು. ಅದು ನಾಲಬಂದರ ಹಳೆಯ ಷರತ್ತೇ ಎಂದು ಅವರಿಗೆ ಗೊತ್ತಿರಲಿಲ್ಲ. ಆ ಚಿತ್ರವನ್ನು ಕಲಾಗ್ರಾಮದವರು ಹೊರಗೂ ಹಾಕಿದರು. ಮೊದಲಿನ ಇಪ್ಪತ್ತು ಸೆಕೆಂಡನ್ನು ನೋಡಿದವರಲ್ಲಿ ನೂರಕ್ಕೆ ಒಬ್ಬರೂ ಇದನ್ನು ನೋಡಲಿಲ್ಲ. ಇಕ್ಬಾಲ ಮಾತ್ರ ಅಂಗಡಿಗೆ ಬಂದವರಿಗೆಲ್ಲ ತೋರಿಸಿದ.

ಆದರೆ ಅದೆಲ್ಲ ಆಮೇಲಿನ ಮಾತು. ಆಗ, ಬಿಸಿಲಲ್ಲಿ, ಕೊನೆಯ ಮೊಳೆಯನ್ನು ಮಡಚಿ ಕಾಸಿಮಸಾಬ ಅರದಿಂದ ಸವರಿದ. ಫಕೀರಪ್ಪ ಕಟ್ಟು ಬಿಚ್ಚಿ ಎತ್ತನ್ನು ಎಬ್ಬಿಸಿದ. ಹುಡುಗಿಯರು ಚಪ್ಪಾಳೆ ತಟ್ಟಿದರು. ಕಾಸಿಮಸಾಬ ಕೈಯೆತ್ತಿ ಅವರನ್ನು ಸುಮ್ಮನಾಗಿಸಿದ. ನಡೆಸಿಕೊಂಡು ಬಾ ಎಂದು ಫಕೀರಪ್ಪನಿಗೆ ಸನ್ನೆ ಮಾಡಿ, ಸಿಮೆಂಟ್ ಬಿಲ್ಲೆಗಳ ಮೇಲೆ ಎತ್ತು ಇಪ್ಪತ್ತು ಹೆಜ್ಜೆ ಹೋಗಿ ತಿರುಗಿ ಬರುವವರೆಗೆ ಕಣ್ಣು ಮುಚ್ಚಿ ಕಿವಿಗೊಟ್ಟ. ಜನರೂ ಏಕೆಂದು ತಿಳಿಯದೆಯೇ ಕಿವಿಗೊಟ್ಟರು.

“ಎಡಗಾಲು ಛಲೋ ಬಿದ್ದೈತಿ. ಬಲಗಾಲ ಹೊರಗಿನ ನಾಲ ಸಡ್ಲ ಐತಿ. ಅದೂ ನಿಲ್ಲೂದಿಲ್ಲ” ಎಂದ.

“ಮುಂದಿನ ಐತವಾರ ಅದನ್ನ ಹಿಡಿಯೂಣ.”

“ಮುಂದಿನ ಐತವಾರತನಾ ಇರೂದಿಲ್ಲ. ಹೆಂಗೂ ಎತ್ತು ಉಂಡಿಲ್ಲ. ಈಗ ಕೆಡವು.”

ಫಕೀರಪ್ಪ ಬೆವರು ಒರೆಸಿಕೊಂಡು, ಗೊಣಗುತ್ತ, ಕಂಬಳಿಯನ್ನು ಕೊಡವಿ ಮತ್ತೆ ಹಾಸಿದ. ಕಾಸಿಮಸಾಬ ಹಿಂದಕ್ಕೆ ಸರಿದು ಕುಳಿತ.